ಒರಳುಕಲ್ಲಿನ ಪ್ರಶ್ನೆ: ಹಾಸನದಿಂದ ಅಮೃತಾಪುರಕ್ಕೆ

ಶುಕ್ರವಾರ, ಹಾಸನ

ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳನ್ನು ನೋಡಲು ಬರುವವರಲ್ಲಿ ಹೆಚ್ಚಿನವರಿಗೆ ಹಾಸನ ನಗರವೆಂದರೆ ಊಟ ಮಾಡಿ ರಾತ್ರಿ ತಂಗುವ ಜಾಗ ಅಷ್ಟೆ. ನಾವು ನಗರದಿಂದಲೇ ಪ್ರವಾಸವನ್ನು ಆರಂಭಿಸಿದ್ದಕ್ಕೆ ಎರಡು ಕಾರಣಗಳಿದ್ದವು. ಹಳೇಬೀಡಿನ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಅಲ್ಲದೆ ಹಾಸನದಲ್ಲಿ ಜಿಲ್ಲೆಯ ಕಲಾವಿದರ ಗುಂಪು ಪ್ರದರ್ಶನವೊಂದು ನಡೆಯುತ್ತಿತ್ತು. ಜೊತೆಗಿದ್ದವರು ಅರಕಲಗೂಡು ಕಡೆಯ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಚಿತ್ರಕಲೆ ಕಲಿಸಿ ನಿವೃತ್ತರಾದ ಮೇಷ್ಟ್ರು. ಹೊಸ ಕಲೆಯನ್ನೂ ಹಳೆಯ ಕಲೆಯನ್ನೂ ಒಂದೇ ಪ್ರವಾಸದಲ್ಲಿ ಒಂದರ ಬೆನ್ನಿಗೊಂದು ನೋಡಬೇಕು, ಒಂದನ್ನು ಅಳೆಯಲು ಬಳಸಿದ ಕೋಲಿನಿಂದಲೇ ಇನ್ನೊಂದನ್ನೂ ಅಳೆಯಬೇಕು ಎಂಬ ಯೋಚನೆ ಅವರದೇ.

ಪ್ರದರ್ಶನದಲ್ಲಿದ್ದ ಕ್ಯಾನ್ವಾಸುಗಳಲ್ಲಿ ಹಲವು ಬೇಲೂರಿನ ಮದನಿಕೆಯರವು, ಅಂದರೆ ಗುಡಿಯ ಸೂರಿನ ಕೆಳಗೆ ಓರೆಯಾಗಿ ನಿಲ್ಲಿಸಿದ ಸ್ತ್ರೀಶಿಲ್ಪಗಳವು. ದರ್ಪಣ ಸುಂದರಿಯಂತೂ ಅಕ್ರಿಲಿಕ್‌ನಲ್ಲಿ, ತೈಲವರ್ಣದಲ್ಲಿ, ಇದ್ದಿಲಿನಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಳು. ಕೈಚಳಕದಲ್ಲಿ ಕೊರತೆ ಇರಲಿಲ್ಲ. ನೆರಳು ಬೆಳಕಿನ ಲೆಕ್ಕ ಸರಿಯಾಗಿತ್ತು, ಆಭರಣದ ಮಣಿ ಮಣಿಯೂ ಬಂದಿತ್ತು. ಆದರೂ ಅವುಗಳ ಮುಂದೆ ಯಾರೂ ಹೆಚ್ಚು ಹೊತ್ತು ನಿಲ್ಲಲಿಲ್ಲ, ಯಾರೂ ಪ್ರಶ್ನೆ ಕೇಳಲೂ ಇಲ್ಲ. ಅವು ಕಲೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಜನ ನಿಂತು ಮಾತನಾಡುತ್ತಿದ್ದುದು ಮೂಲೆಯಲ್ಲಿದ್ದ ಒಂದು ಒರಳುಕಲ್ಲಿನ ಸುತ್ತ. ಯಾವುದೋ ಹಳ್ಳಿ ಮನೆಯಿಂದ ತಂದ ಹಳೆಯ ಒರಳನ್ನು ಬಿಳಿ ಬಣ್ಣ ಬಳಿದ ಪೀಠದ ಮೇಲೆ ಕೂರಿಸಿ, ಗುಂಡುಕಲ್ಲನ್ನು ಪಕ್ಕದಲ್ಲಿ ನೆಲದ ಮೇಲೆ ಇಟ್ಟು, ಕೆಳಗೆ ‘ಅಜ್ಜಿ’ ಎಂಬ ಶೀರ್ಷಿಕೆಯನ್ನೂ ಕಲಾವಿದನ ಹೆಸರನ್ನೂ ಬರೆದಿದ್ದರು. ಮಗಳೊಂದಿಗೆ ಬಂದಿದ್ದ ಹೆಂಗಸೊಬ್ಬರು, “ನಮ್ಮನೆ ಹಿತ್ಲಲ್ಲೂ ಒಂದು ಬಿದ್ದಿದೆ ಕಣವ್ವ, ಅದನ್ನ ತಂದು ಇಲ್ಲಿಟ್ರೆ ಅದೂ ಹಿಂಗೇ ಆಗ್ತದಾ?” ಎಂದು ಕೇಳಿದರು. ಅವರು ತಮಾಷೆಗೆ ಕೇಳಿದ್ದಲ್ಲ. ಮಗಳು ಉತ್ತರ ಹೇಳದೆ ನಮ್ಮ ಕಡೆ ನೋಡಿದಳು.

ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. 1917ರಲ್ಲಿ ನ್ಯೂಯಾರ್ಕಿನ ಕಲಾವಿದರ ಸಂಘವೊಂದು, ಶುಲ್ಕ ಕಟ್ಟಿದವರೆಲ್ಲರ ಕೃತಿಗಳನ್ನೂ ಪ್ರದರ್ಶಿಸುವುದಾಗಿ ಪ್ರಕಟಿಸಿದಾಗ, ಮಾರ್ಸೆಲ್ ದುಶಾಂಪ್ ಎಂಬ ಫ್ರೆಂಚ್ ಕಲಾವಿದ ಅಂಗಡಿಯಿಂದ ಕೊಂಡು ತಂದ ಪಿಂಗಾಣಿಯ ಮೂತ್ರಪಾತ್ರೆಯ ಮೇಲೆ ‘ಆರ್. ಮಟ್’ ಎಂದು ಸಹಿ ಹಾಕಿ, ‘ಕಾರಂಜಿ’ ಎಂಬ ಹೆಸರಿಟ್ಟು ಕಳುಹಿಸಿದ. ಎಲ್ಲರಿಗೂ ಬಾಗಿಲು ತೆರೆದಿದ್ದ ಆ ಸಂಘ ಇದನ್ನು ಮಾತ್ರ ಪ್ರದರ್ಶಿಸಲಿಲ್ಲ. ಆ ಮೂಲ ವಸ್ತು ಕಳೆದುಹೋಗಿದೆ. ಉಳಿದಿರುವುದು ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ತೆಗೆದ ಛಾಯಾಚಿತ್ರ. ಇಂದು ವಸ್ತುಸಂಗ್ರಹಾಲಯಗಳಲ್ಲಿ ಇರುವವುಗಳಲ್ಲಿ ಹೆಚ್ಚಿನವು 1964ರಲ್ಲಿ ದುಶಾಂಪನ ಒಪ್ಪಿಗೆಯಿಂದ ತಯಾರಾದ ಪ್ರತಿಗಳು. ಹಾಸನದ ಒರಳುಕಲ್ಲು ಆ ವಂಶದ್ದೇ. ಆದರೆ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಮೂತ್ರಪಾತ್ರೆ ಕಾರ್ಖಾನೆಯ ಅಚ್ಚಿನಿಂದ ಬಂದದ್ದು, ಒರಳು ಒಬ್ಬ ಮನುಷ್ಯನ ಚಾಣದಿಂದ ಬಂದದ್ದು. ಮೇಷ್ಟ್ರು ಪೀಠದ ಸುತ್ತ ಒಂದು ಬಾರಿ ನಡೆದು, “ಇದನ್ನ ಕಡೆದ ಕಲ್ಲುಕುಟಿಗನ ಹೆಸರು ಎಲ್ಲಿ?” ಎಂದರು.

ಅದು ಕಲೆಯೇ ಅಲ್ಲವೇ ಎಂಬುದಕ್ಕೆ ಆ ಸಂಜೆ ನನ್ನ ಉತ್ತರ ಹೀಗಿತ್ತು: ಹೌದು, ಆದರೆ ತೆಳುವಾದ ಕಲೆ. ತಂದವನು ಮಾಡಿದ ತೀರ್ಮಾನಗಳು ಕೆಲವೇ ಕೆಲವು: ಆರಿಸಿದ್ದು, ಎತ್ತಿ ಇಟ್ಟದ್ದು, ಹೆಸರಿಟ್ಟದ್ದು. ಗುಂಡುಕಲ್ಲನ್ನು ಕೆಳಗಿಟ್ಟು ಒರಳಿನ ಗುಳಿಯನ್ನು ಖಾಲಿ ಬಿಟ್ಟದ್ದು ಒಳ್ಳೆಯ ತೀರ್ಮಾನ. ವರ್ಷಗಟ್ಟಲೆ ಹಿಟ್ಟು ರುಬ್ಬಿ ನುಣುಪಾದ ಆ ಗುಳಿ ಹಾಗಾಗಿಯೇ ಕಣ್ಣಿಗೆ ಬಿತ್ತು. ‘ಅಜ್ಜಿ’ ಎಂಬ ಶೀರ್ಷಿಕೆ ಮಾತ್ರ ನೋಡುವವರನ್ನು ಕೈಹಿಡಿದು ಮರುಕದ ಕಡೆಗೇ ಕರೆದೊಯ್ದು, ಬೇರೇನನ್ನೂ ಕಾಣಲು ಬಿಡುತ್ತಿರಲಿಲ್ಲ.

ಶನಿವಾರ, ಹಳೇಬೀಡು

ಹಾಸನದಿಂದ ಹಳೇಬೀಡಿಗೆ ಸುಮಾರು ಮೂವತ್ತು ಕಿಲೋಮೀಟರ್. ಬೆಳಿಗ್ಗೆ ಬೇಗನೆ ತಲುಪಿ, ಶಾಲಾ ಮಕ್ಕಳ ಬಸ್ಸುಗಳು ಬರುವ ಮುನ್ನ ಹೊಯ್ಸಳೇಶ್ವರದ ಹೊರಗೋಡೆಯನ್ನು ನೋಡತೊಡಗಿದೆವು. 1121ರ ಸುಮಾರಿಗೆ ವಿಷ್ಣುವರ್ಧನನ ಕಾಲದಲ್ಲಿ, ಕೇತಮಲ್ಲನೆಂಬ ಅಧಿಕಾರಿಯ ಮುತುವರ್ಜಿಯಲ್ಲಿ ಆರಂಭವಾದ ಈ ಗುಡಿಯ ಕೆಲಸ ದಶಕಗಳ ಕಾಲ ನಡೆದರೂ ಪೂರ್ಣವಾಗಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೇಲೂರು ಮತ್ತು ಸೋಮನಾಥಪುರಗಳ ಜೊತೆಗೆ ಇದು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ, ಇದು ಕಲೆಯೇ ಎಂದು ಕೇಳುವ ಧೈರ್ಯ ಇನ್ನು ಯಾರಿಗೂ ಬರಲಾರದು. ನಾವು ಬೇಕೆಂದೇ ಆ ಪ್ರಶ್ನೆಯನ್ನು ಇಲ್ಲಿ ಕೇಳಿಕೊಂಡೆವು.

ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಪಟ್ಟಿಗಳು: ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣ ಕಥೆಗಳು, ಮಕರ, ಹಂಸ. ಇವುಗಳ ಕ್ರಮ ಕೆತ್ತುವವನ ಕೈಯಲ್ಲಿ ಇರಲಿಲ್ಲ. ಆನೆಯ ಸಾಲಿನಲ್ಲಿ ಕೂತವನಿಗೆ ಬಂದಿದ್ದ ಅಪ್ಪಣೆ ಬಹುಶಃ ಇಷ್ಟೇ: ಇಷ್ಟು ಎತ್ತರದ, ಈ ದಿಕ್ಕಿಗೆ ನಡೆಯುವ ಆನೆಗಳು, ಗೋಡೆ ಮುಗಿಯುವವರೆಗೆ. ಒಂದು ಆನೆಯನ್ನು ಕಡೆದವನು ಅದನ್ನೇ ನೂರು ಬಾರಿ ಮಾಡಿದ್ದರೆ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗುತ್ತಿರಲಿಲ್ಲ. ಆದರೆ ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂತು ನೋಡುತ್ತ ಹೋದರೆ, ಒಂದು ಆನೆ ಮುಂದಿನದರ ಬಾಲದ ಹತ್ತಿರ ಸೊಂಡಿಲು ಚಾಚಿದೆ, ಇನ್ನೊಂದು ಸೊಂಡಿಲನ್ನು ಸುರುಳಿ ಸುತ್ತಿ ಬಾಯಿಗೆ ಇಟ್ಟಿದೆ, ಮತ್ತೊಂದರ ಕಾಲು ಎತ್ತಿದ ರೀತಿಯೇ ಬೇರೆ. ಯಾರೂ ಕೇಳದಿದ್ದ ತೀರ್ಮಾನಗಳು ಇವು. ಭಕ್ತನ ಕಣ್ಣು ಹೋಗುವುದು ದೇವರ ಮೂರ್ತಿಗೆ, ಪ್ರವಾಸಿಗನ ಕ್ಯಾಮೆರಾ ತಿರುಗುವುದು ಕೈಲಾಸವನ್ನೆತ್ತುವ ರಾವಣನ ಕಡೆಗೆ. ಮೊಣಕಾಲಿನ ಮಟ್ಟದಲ್ಲಿರುವ ಆನೆಯ ಸೊಂಡಿಲಿಗಾಗಿ ಇಷ್ಟು ಯೋಚಿಸಿದವನಿಗೆ ಸಿಗಬಹುದಾಗಿದ್ದ ಮೆಚ್ಚುಗೆ ತೀರ ಕಡಿಮೆ. ಅಪ್ಪಣೆ ಮುಗಿದ ಮೇಲೂ ಮಾಡಿದವನ ಯೋಚನೆ ವಸ್ತುವಿನಲ್ಲಿ ಕಾಣುತ್ತಿದ್ದರೆ ಅದನ್ನು ನಾನು ಕಲೆ ಎನ್ನುತ್ತೇನೆ. ಈ ಪ್ರವಾಸದಲ್ಲಿ ನನಗೆ ಸಿಕ್ಕ ಅಳತೆಗೋಲು ಇದೇ.

ಅಲ್ಲಿಂದ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಗೆ ನಡೆದೆವು. 1133ರಲ್ಲಿ ಗಂಗರಾಜನ ಮಗ ಬೊಪ್ಪದೇವ ಕಟ್ಟಿಸಿದ ಈ ಬಸದಿಯ ಹೊರಗೋಡೆ ಸಾದಾ. ಒಳಗಿನ ಕಂಬಗಳು ತಿರುಗಣಿಯಲ್ಲಿ ಕಡೆದು, ಕಪ್ಪು ಕನ್ನಡಿಯಂತೆ ಹೊಳಪು ಕೊಟ್ಟವು. ಹತ್ತಿರ ನಿಂತರೆ ನಮ್ಮ ಮುಖ ಒಂದು ಕಡೆ ಉದ್ದವಾಗಿ, ಒಂದು ಕಡೆ ಕಿರಿದಾಗಿ ಕಾಣುತ್ತದೆ. ಇಲ್ಲಿ ನನ್ನ ಅಳತೆಗೋಲಿಗೆ ಮೇಷ್ಟ್ರು ತಕರಾರು ತೆಗೆದರು. ಯಂತ್ರದ ಮೇಲೆ ತಿರುಗಿದ ಕಂಬದಲ್ಲಿ ಆನೆಯ ಸೊಂಡಿಲಿನಂಥ ಸ್ವಾತಂತ್ರ್ಯ ಎಲ್ಲಿದೆ, ಹಾಗಾದರೆ ಇದನ್ನು ಕಲೆಯಿಂದ ಹೊರಗಿಡುತ್ತೀರಾ ಎಂದು ಕೇಳಿದರು. ಸ್ವಲ್ಪ ಹೊತ್ತು ಯೋಚಿಸಬೇಕಾಯಿತು. ಕಂಬದ ಗಂಟೆಯಾಕಾರ ಎಲ್ಲಿ ಉಬ್ಬಬೇಕು, ಎಲ್ಲಿ ಒಳಕ್ಕೆ ಸರಿಯಬೇಕು, ಎರಡು ಉಂಗುರಗಳ ನಡುವೆ ಎಷ್ಟು ಜಾಗ ಬಿಡಬೇಕು ಎಂಬುದನ್ನು ತಿರುಗಣಿ ಹೇಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಧ ಮೈಲಿಯ ಆಚೆ ಗೋಡೆಯಲ್ಲಿ ಒಂದು ಅಂಗುಲವನ್ನೂ ಖಾಲಿ ಬಿಡದೆ ಕೆತ್ತುತ್ತಿದ್ದ ಕಾಲದಲ್ಲಿ, ಇಲ್ಲಿ ಕೆತ್ತದೆ ಬಿಡಬೇಕೆಂದು ಯಾರೋ ನಿರ್ಧರಿಸಿದರು. ಕೆತ್ತದಿರುವುದೂ ತೀರ್ಮಾನವೇ ಎಂದಾಗ ಮೇಷ್ಟ್ರು ಒಪ್ಪಿದರು, ಅರ್ಧ ಮನಸ್ಸಿನಿಂದ.

ವಸ್ತುಸಂಗ್ರಹಾಲಯದಲ್ಲಿ ಹೆಚ್ಚು ಹೊತ್ತು ಇರಲಿಲ್ಲ. ಸುತ್ತಮುತ್ತಲಿನ ಪಾಳುಗುಡಿಗಳಿಂದ ತಂದ ಮೂರ್ತಿಗಳನ್ನು ಬಯಲಿನಲ್ಲೂ ಒಳಗೂ ಸಾಲಾಗಿ ಇಟ್ಟಿದ್ದಾರೆ. ಗೋಡೆಯ ಕೋನದಲ್ಲಿ ಎರಡು ಮೂರ್ತಿಗಳ ನಡುವೆ ನಿಲ್ಲಲೆಂದು ಕಡೆದ ಶಿಲ್ಪವನ್ನು ಒಂಟಿಯಾಗಿ ನಿಲ್ಲಿಸಿದಾಗ ಅದರ ವಿವರಗಳು ಚೆನ್ನಾಗಿ ಕಾಣುತ್ತವೆ, ಅದು ವಾಲಿ ನಿಂತಿರುವುದಕ್ಕೆ ಕಾರಣ ಮಾತ್ರ ಕಾಣುವುದಿಲ್ಲ.

ಭಾನುವಾರ, ಬೇಲೂರು

ಭಾನುವಾರ ಬೇಲೂರಿಗೆ ಹೋಗಬಾರದೆಂದು ಬಲ್ಲವರು ಹೇಳುತ್ತಾರೆ, ಜನಸಂದಣಿ ಹಾಗಿರುತ್ತದೆ. ಆದರೆ ಜನ ಕಲೆಯನ್ನು ಹೇಗೆ ನೋಡುತ್ತಾರೆಂಬುದನ್ನು ನೋಡಲು ಭಾನುವಾರಕ್ಕಿಂತ ಒಳ್ಳೆಯ ದಿನವಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನಿಗೆ ಇಂದಿಗೂ ಪೂಜೆ ನಡೆಯುತ್ತದೆ. ಒಂದೇ ಸಾಲಿನಲ್ಲಿ ತುಳಸಿಮಾಲೆ ಹಿಡಿದ ಹಿರಿಯರೂ, ಟಿಪ್ಪಣಿ ಪುಸ್ತಕ ಹಿಡಿದ ವಾಸ್ತುಶಿಲ್ಪದ ವಿದ್ಯಾರ್ಥಿಗಳೂ ನಿಂತಿದ್ದರು.

ಗುಡಿಯ ಒಳಮಂಟಪವಾದ ನವರಂಗದ ನರಸಿಂಹ ಕಂಬದಲ್ಲಿ ಒಂದು ಪುಟ್ಟ ಜಾಗವನ್ನು ಶಿಲ್ಪಿ ಬೇಕೆಂದೇ ಖಾಲಿ ಬಿಟ್ಟನೆಂದೂ, ತನಗೆ ಸರಿಸಾಟಿಯಾದವನು ಬಂದು ಅದನ್ನು ತುಂಬಲಿ ಎಂಬುದು ಅವನ ಸವಾಲಾಗಿತ್ತೆಂದೂ ಮಾರ್ಗದರ್ಶಕರು ಹೇಳುತ್ತಾರೆ. ಜಕಣಾಚಾರಿಯ ಕಥೆಯನ್ನೂ ಅವರು ತಪ್ಪದೆ ಹೇಳುತ್ತಾರೆ. ಈ ಕಥೆಗಳು ನನಗೆ ಪ್ರಿಯವಾದವು. ಆದರೆ ಕಥೆಯ ಭರದಲ್ಲಿ, ಕಲ್ಲಿನ ಮೇಲೆಯೇ ಬರೆದಿರುವ ಹೆಸರುಗಳನ್ನು ಯಾರೂ ತೋರಿಸುವುದಿಲ್ಲವೆಂಬ ನೋವಿದೆ. ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ಇಲ್ಲಿನ ಮದನಿಕೆಯರಲ್ಲಿ ಹಲವನ್ನು ಕಡೆದು ಕೆಳಗೆ ತಮ್ಮ ಹೆಸರನ್ನೂ ಬಿರುದುಗಳನ್ನೂ ಬರೆದುಕೊಂಡಿದ್ದಾರೆ. ಎದುರಾಳಿ ರೂವಾರಿಗಳ, ಅಂದರೆ ಶಿಲ್ಪಿಗಳ, ಗರ್ವ ಮುರಿಯುವವನೆಂಬ ಅರ್ಥದ ಬಿರುದುಗಳು ಅವು. ನಮ್ಮ ಪ್ರಾಚೀನ ಶಿಲ್ಪಿಗಳು ಹೆಸರಿನ ಆಸೆಯಿಲ್ಲದೆ ದೇವರಿಗಾಗಿ ದುಡಿದವರೆಂದು ಶಾಲೆಯಲ್ಲಿ ಕೇಳಿದ್ದ ಮಾತು ಈ ಗೋಡೆಯ ಮುಂದೆ ನಿಲ್ಲುವುದಿಲ್ಲ. ಅವರಿಗೆ ತಮ್ಮ ಕೆಲಸ ಪಕ್ಕದವನ ಕೆಲಸಕ್ಕಿಂತ ಬೇರೆ ಎಂಬುದು ಚೆನ್ನಾಗಿ ಗೊತ್ತಿತ್ತು, ಅದನ್ನು ನೋಡುವವರು ಗುರುತಿಸಬೇಕೆಂಬ ಬಯಕೆಯೂ ಇತ್ತು.

ಗುಡಿಯ ಹೊರಗೆ ಬೀದಿಯಲ್ಲಿ ಬಳಪದ ಕಲ್ಲಿನ ಪುಟ್ಟ ಮದನಿಕೆಯರನ್ನು ಮಾರುತ್ತಿದ್ದರು. ಹೊಯ್ಸಳರು ಬಳಸಿದ ಕಲ್ಲಿನ ಗುಣವೇ ಅದು: ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಅಂಗಡಿಯವರೊಬ್ಬರು ತಾವೇ ಕಡೆದದ್ದೆಂದು ತೋರಿಸಿದ ದರ್ಪಣ ಸುಂದರಿಯ ಕೆಲಸ ನಾಜೂಕಾಗಿತ್ತು. ಅದರ ಪಕ್ಕದಲ್ಲಿ, ಮಾರಾಟಕ್ಕಿಲ್ಲದ, ಅರ್ಧ ಮುಗಿದ ಒಂದು ನಾಯಿಯ ಮೂರ್ತಿ ಇತ್ತು. ಬಿಡುವಿನಲ್ಲಿ ತಮ್ಮ ಮನೆಯ ನಾಯಿಯನ್ನೇ ನೋಡಿ ಕಡೆಯುತ್ತಿದ್ದೇನೆಂದರು. ಮದನಿಕೆಗೆ ಅವರು ಹೇಳಿದ ಬೆಲೆ ನ್ಯಾಯವಾದದ್ದೇ. ಆದರೆ ಅವರ ಕಲೆ ಇದ್ದುದು ಆ ನಾಯಿಯಲ್ಲಿ. ಕಿವಿ ನಿಮಿರಿಸಿ ಯಾವುದೋ ಸದ್ದಿಗೆ ತಿರುಗಿದ ಅದರ ಕುತ್ತಿಗೆಯನ್ನು ಅವರಿಗೆ ಯಾವ ಗೋಡೆಯೂ ಹೇಳಿಕೊಟ್ಟಿರಲಿಲ್ಲ. ಅದನ್ನು ಅವರಿಗೆ ಹೇಳಿದಾಗ, “ಅದನ್ನ ಯಾರು ತಗೊಳ್ತಾರೆ ಸ್ವಾಮಿ” ಎಂದರು.

ಸೋಮವಾರ, ಚಿಕ್ಕಮಗಳೂರು

ಬೇಲೂರಿನಿಂದ ಚಿಕ್ಕಮಗಳೂರಿಗೆ ಒಂದು ಗಂಟೆಯೂ ಹಿಡಿಯುವುದಿಲ್ಲ. ಇಲ್ಲಿ ನಾವು ನೋಡಿದ್ದು ಎರಡು ಭಾಗಗಳ ಒಂದು ಪ್ರದರ್ಶನ. ಮೊದಲ ಭಾಗದಲ್ಲಿ ಕಲಾಶಾಲೆಯ ವಿದ್ಯಾರ್ಥಿಗಳ ಕೃತಿಗಳು, ಎರಡನೆಯ ಭಾಗದಲ್ಲಿ ‘ಜಾನಪದ ಕಲೆ’ ಎಂಬ ಫಲಕದ ಕೆಳಗೆ ಮಲೆನಾಡಿನ ಕೆಲವು ಕೆಲಸಗಳು.

ವಿದ್ಯಾರ್ಥಿನಿಯೊಬ್ಬಳು ಕಾಫಿ ತುಂಬುವ ಹಳೆಯ ಗೋಣಿಚೀಲಗಳನ್ನು ಬಿಚ್ಚಿ, ಒಂದಕ್ಕೊಂದು ಹೊಲಿದು, ಗೋಡೆಯಗಲದ ಪರದೆಯನ್ನಾಗಿ ಮಾಡಿ ಕಿಟಕಿಯ ಎದುರಿಗೆ ತೂಗುಬಿಟ್ಟಿದ್ದಳು. ಐವತ್ತು ಕಿಲೋ ಚೀಲದ ಲೆಕ್ಕದಲ್ಲೇ ಬೆಲೆ ಮಾತಾಡುವ ಈ ಊರಿನಲ್ಲಿ ಇದನ್ನು ಕಂಡು ಗೊಣಗಿದವರೇ ಹೆಚ್ಚು. ಗೋದಾಮಿನಲ್ಲಿ ದಿನಾ ನೋಡುವುದನ್ನು ಇಲ್ಲಿಗೆ ಬಂದು ನೋಡಬೇಕೇ ಎಂದು ಹಿರಿಯರೊಬ್ಬರು ಕೇಳಿ ಮುಂದೆ ಹೋದರು. ಹಾಸನದ ಒರಳುಕಲ್ಲಿನ ಬಗ್ಗೆ ಕೇಳಿದ ಪ್ರಶ್ನೆಯೇ ಇದು, ಆದರೆ ಇಲ್ಲಿ ಉತ್ತರ ಬೇರೆ. ಬೆಳಕು ಹಿಂದಿನಿಂದ ಬರುವಂತೆ ತೂಗುಹಾಕಿದ್ದರಿಂದ, ಚೀಲಗಳಿಗೆ ಹಾಕಿದ್ದ ತೇಪೆಗಳೂ, ದಬ್ಬಳದಿಂದ ಹಾಕಿದ ಹಳೆಯ ಹೊಲಿಗೆಗಳೂ ಕಪ್ಪು ಗೆರೆಗಳಾಗಿ ಎದ್ದು ಕಾಣುತ್ತಿದ್ದವು. ಒಂದು ತೇಪೆಯ ಹೊಲಿಗೆ ಒತ್ತಾಗಿ, ಓರಣವಾಗಿ ಇತ್ತು, ಇನ್ನೊಂದು ಅವಸರದ್ದು, ಮತ್ತೊಂದರಲ್ಲಿ ಹುರಿ ಸಾಲದೆ ಸೀರೆಯ ಅಂಚಿನ ಚೂರನ್ನು ಬಳಸಿದ್ದರು. ಆ ಹುಡುಗಿ ತನ್ನ ಹೊಲಿಗೆಯನ್ನು ಬೇರೆ ಬಣ್ಣದ ದಾರದಲ್ಲಿ ಹಾಕಿ, ಯಾವುದು ತನ್ನದು, ಯಾವುದು ತನಗಿಂತ ಮೊದಲಿನವರದು ಎಂಬುದನ್ನು ಕಲಸಿಹೋಗಲು ಬಿಟ್ಟಿರಲಿಲ್ಲ. ಆ ಪರದೆಯ ಮುಂದೆ ನಾವು ಬಹಳ ಹೊತ್ತು ನಿಂತೆವು. ಪ್ರತಿ ಸಲ ಕಣ್ಣು ಸರಿಸಿದಾಗಲೂ ಇನ್ನೊಬ್ಬರ ಕೈ ಕಾಣುತ್ತಿತ್ತು.

ಘಾನಾ ದೇಶದ ಇಬ್ರಾಹಿಂ ಮಹಾಮಾ ಎಂಬ ಕಲಾವಿದ ಕೋಕೋ ತುಂಬುವ ಗೋಣಿಚೀಲಗಳನ್ನು ಹೊಲಿದು ಇಡೀ ಕಟ್ಟಡಗಳಿಗೆ ಹೊದಿಸಿದ್ದಾರೆ; 2015ರ ವೆನಿಸ್ ದ್ವೈವಾರ್ಷಿಕ ಪ್ರದರ್ಶನದಲ್ಲಿ ಅವರ ಕೃತಿ ಇತ್ತು. ಈ ವಿದ್ಯಾರ್ಥಿನಿ ಅದನ್ನು ಬಲ್ಲವಳೇ ಆಗಿದ್ದಳು ಮತ್ತು ವಿವರಣೆಯ ಕಾಗದದಲ್ಲಿ ಅದನ್ನು ಬರೆದೂ ಇದ್ದಳು. ಅದರಿಂದ ಅವಳ ಕೆಲಸ ಕಡಿಮೆಯಾಯಿತೆಂದು ನನಗೆ ಅನ್ನಿಸಲಿಲ್ಲ. ದಾಸೋಜನೂ ಮದನಿಕೆಯೆಂಬ ಕಲ್ಪನೆಯನ್ನು ತಾನೇ ಹುಟ್ಟಿಸಿದವನಲ್ಲ.

ಎರಡನೆಯ ಭಾಗದಲ್ಲಿ ಬೇಸರ ಕಾದಿತ್ತು. ಸಾಗರ, ಸೊರಬ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆಯ ಸಮಯದಲ್ಲಿ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಹಲಗೆಯ ಮೇಲೆ ಬರೆಸಿ ಚೌಕಟ್ಟು ಹಾಕಿದ್ದರು. ಕೆಮ್ಮಣ್ಣಿನ ನೆಲ, ಅಕ್ಕಿ ಹಿಟ್ಟಿನ ಬಿಳಿ ಎಳೆ, ಹುರಿದು ಕಪ್ಪಾದ ಅಕ್ಕಿಯಿಂದ ಮಾಡಿದ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅಳತೆಪಟ್ಟಿಯಿಲ್ಲದೆ ಎಳೆದ ಆ ಎಳೆಗಳು ಒಂದರ ಪಕ್ಕ ಒಂದು ಸಮನಾಗಿ ಓಡಿ, ಮೂಲೆಯಲ್ಲಿ ಒಂದು ಕಡೆ ಬೇಕೆಂದೇ ದಪ್ಪವಾಗಿದ್ದವು. ಅಲ್ಲಿ ನೋಟ ಒಂದು ಕ್ಷಣ ತಡೆದು ಮುಂದೆ ಹೋಗುತ್ತಿತ್ತು. ಇಡೀ ಪ್ರದರ್ಶನದಲ್ಲಿ ಅಷ್ಟು ಖಚಿತವಾದ ಗೆರೆ ಬೇರೆ ಎಲ್ಲೂ ಇರಲಿಲ್ಲ. ವಿದ್ಯಾರ್ಥಿಗಳ ಪ್ರತಿ ಕೃತಿಯ ಕೆಳಗೂ ಹೆಸರು, ಶೀರ್ಷಿಕೆ, ವರ್ಷ ಇದ್ದವು. ಇದರ ಕೆಳಗೆ ‘ಹಸೆ ಚಿತ್ತಾರ, ಮಲೆನಾಡು’ ಎಂದಷ್ಟೇ ಇತ್ತು. ಬರೆದವರು ಯಾರೆಂದು ಮೇಷ್ಟ್ರು ವಿಚಾರಿಸಿದಾಗ, ಜಾನಪದ ವಿಭಾಗದಲ್ಲಿ ಹೆಸರು ಹಾಕುವ ರೂಢಿ ಇಲ್ಲವೆಂದು ನೋಡಿಕೊಳ್ಳುತ್ತಿದ್ದವರು ಹೇಳಿದರು, ಒತ್ತಾಯಿಸಿದ ಮೇಲೆ ಕೇಳಿ ಬರೆಸುತ್ತೇವೆಂದರು.

ಕಲೆ ಯಾವುದು ಎಂದು ತೀರ್ಮಾನಿಸುವ ಅಧಿಕಾರ ಬಹಳ ಸಲ ಹೀಗೆ ಒಂದು ಚೀಟಿಯಲ್ಲಿ ಇರುತ್ತದೆ. 1926ರಲ್ಲಿ ಬ್ರಾಂಕೂಸಿ ಎಂಬ ಶಿಲ್ಪಿಯ ‘ಬಾಹ್ಯಾಕಾಶದಲ್ಲಿ ಹಕ್ಕಿ’ ಎಂಬ ಕಂಚಿನ ಶಿಲ್ಪ ಅಮೆರಿಕಕ್ಕೆ ಬಂದಾಗ, ಅಲ್ಲಿನ ಸುಂಕದವರು ಅದು ಹಕ್ಕಿಯಂತಿಲ್ಲವೆಂದು ಅಡುಗೆ ಸಾಮಾನು, ಆಸ್ಪತ್ರೆ ಸಲಕರಣೆಗಳ ವರ್ಗಕ್ಕೆ ಸೇರಿಸಿ, ಶೇ. 40ರಷ್ಟು ಸುಂಕ ಹಾಕಿದರು, ಕಲಾಕೃತಿಗೆ ಸುಂಕವಿರಲಿಲ್ಲ. ಮೊಕದ್ದಮೆ ನಡೆದು 1928ರಲ್ಲಿ ಅದು ಕಲೆಯೆಂದೇ ತೀರ್ಪು ಬಂತು. ಆ ಹಕ್ಕಿಗೆ ವಾದಿಸಲು ವಕೀಲರಿದ್ದರು, ಸಾಕ್ಷಿ ಹೇಳಲು ಶಿಲ್ಪಿಗಳೂ ವಿಮರ್ಶಕರೂ ಇದ್ದರು. ಹಸೆ ಬರೆದ ಹೆಣ್ಣುಮಗಳ ಪರವಾಗಿ ಅಂದು ಮಾತಾಡಿದವರು ಒಬ್ಬ ನಿವೃತ್ತ ಮೇಷ್ಟ್ರು.

ಮಂಗಳವಾರ, ಅಮೃತಾಪುರ

ತರೀಕೆರೆಯಿಂದ ಅಮೃತಾಪುರಕ್ಕೆ ಹತ್ತು ಕಿಲೋಮೀಟರ್ ಆಸುಪಾಸು, ದಾರಿಯುದ್ದಕ್ಕೂ ಅಡಿಕೆ ತೋಟ. ಎರಡನೆಯ ವೀರಬಲ್ಲಾಳನ ಕಾಲದಲ್ಲಿ ಅಮೃತೇಶ್ವರ ದಂಡನಾಯಕ 1196ರಲ್ಲಿ ಕಟ್ಟಿಸಿದ ಈ ಗುಡಿಗೆ ಬೇಲೂರಿನ ಜನಸಂದಣಿಯಿಲ್ಲ. ನಾವು ಬಂದದ್ದು ಹೊಯ್ಸಳ ಶಿಲ್ಪಿ ಮಲ್ಲಿತಮ್ಮನಿಗಾಗಿ. ನುಗ್ಗೇಹಳ್ಳಿಯಲ್ಲಿ ಬೈಚೋಜನೆಂಬ ಶಿಲ್ಪಿ ದಕ್ಷಿಣದ ಗೋಡೆಯನ್ನೂ ತಾನು ಉತ್ತರದ ಗೋಡೆಯನ್ನೂ ಹಂಚಿಕೊಂಡು ಕೆತ್ತಿದ, ಹದಿಮೂರನೆಯ ಶತಮಾನದ ಸೋಮನಾಥಪುರದಲ್ಲಿ ಹಲವು ಮೂರ್ತಿಗಳಿಗೆ ಸಹಿ ಹಾಕಿದ ಆ ಹೆಸರು, ಮೊದಲು ಕಾಣಿಸಿಕೊಳ್ಳುವುದು ಇಲ್ಲಿಯ ಕೆಲಸದಲ್ಲಿ. ಮಹಾಮಂಟಪದ ಗುಮ್ಮಟದಂಥ ಚಾವಣಿಗಳು ಅವನ ಕೈಯವೆನ್ನುತ್ತಾರೆ. ಒಂದೊಂದು ಅಂಕಣದ ಕೆಳಗೂ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದೆವು. ಒಂದರ ಹೂ ಇನ್ನೊಂದರ ಹೂವಿಗೆ ಹೋಲುವುದಿಲ್ಲ.

ಹೊರಗೋಡೆಯಲ್ಲಿ 140 ಕಥಾಫಲಕಗಳಿವೆ. ದಕ್ಷಿಣದ 70 ಫಲಕಗಳು ರಾಮಾಯಣದವು, ಉತ್ತರದಲ್ಲಿ ಕೃಷ್ಣನ ಬಾಲ್ಯಕ್ಕೆ 25, ಮಹಾಭಾರತಕ್ಕೆ 45. ರಾಮಾಯಣದ ಕಥೆ ಇಲ್ಲಿ ಅಪ್ರದಕ್ಷಿಣವಾಗಿ ಸಾಗುತ್ತದೆ. ಪ್ರದಕ್ಷಿಣೆ ಬರುವ ಭಕ್ತನಿಗೆ ಕಥೆ ಕೊನೆಯಿಂದ ಮೊದಲಿಗೆ ಎದುರಾಗುತ್ತದೆ. ಕಥೆಯನ್ನು ಅನುಸರಿಸಬೇಕೆಂದರೆ ಗುಡಿಯಲ್ಲಿ ಎಂದೂ ನಡೆಯದ ದಿಕ್ಕಿಗೆ ನಡೆಯಬೇಕು. ಮೇಷ್ಟ್ರು ಹಾಗೆ ನಡೆಯಲು ಒಪ್ಪಲಿಲ್ಲ. ಪ್ರತಿ ಫಲಕದ ಮುಂದೆ ನಿಂತು, ನೋಡಿ, ಮತ್ತೆ ಬಲಕ್ಕೆ ಬರುತ್ತ, ಕಥೆಯನ್ನು ತುದಿಯಿಂದಲೇ ಬಿಡಿಸಿಕೊಂಡು ಓದಿದರು.

ಮುಖಮಂಟಪದ ಹತ್ತಿರ ಕವಿಚಕ್ರವರ್ತಿ ಜನ್ನ ರಚಿಸಿದ ಪದ್ಯಗಳಿರುವ ದೊಡ್ಡ ಶಾಸನವಿದೆ. ಹಳಗನ್ನಡದ ಅಕ್ಷರಗಳು ಸಾಲು ತಪ್ಪದೆ, ದುಂಡಾಗಿ, ಒಂದೇ ಆಳದಲ್ಲಿ ಕೊರೆದವು. ಅದರ ಮುಂದೆ ನಮ್ಮಿಬ್ಬರಿಗೂ ವಾದ ಹತ್ತಿತು. ಪದ್ಯ ಕಲೆ, ಅದನ್ನು ಕೊರೆದದ್ದು ಕಸುಬು ಎಂದು ಮೇಷ್ಟ್ರು. ಕೊರೆದವನು ಒಂದಕ್ಷರ ಬದಲಿಸಿದರೂ ಅದು ತಪ್ಪೇ ಆಗುತ್ತದೆ, ಆನೆಯ ಸೊಂಡಿಲಿನ ಸ್ವಾತಂತ್ರ್ಯ ಅವನಿಗೆಲ್ಲಿ ಎಂದು ನನ್ನ ಅಳತೆಗೋಲನ್ನೇ ನನಗೆ ತಿರುಗಿಸಿದರು. ನಾನು ಕೆಳಗಿನ ಸಾಲುಗಳನ್ನು ತೋರಿಸಿದೆ. ಕಲ್ಲಿನ ಅಂಚು ಹತ್ತಿರವಾದಂತೆ ಅಕ್ಷರಗಳು ಒತ್ತಾಗಿದ್ದರೂ ಒಂದರ ತಲೆಕಟ್ಟು ಇನ್ನೊಂದರ ಒತ್ತಕ್ಷರಕ್ಕೆ ತಾಗದಂತೆ ಅವನು ಪ್ರತಿಯೊಂದಕ್ಕೂ ಜಾಗ ಮಾಡಿಕೊಟ್ಟಿದ್ದಾನೆ, ಒಂದು ‘ಳ’ಕಾರದ ಬಾಲವನ್ನು ಒಳಕ್ಕೆ ಮಡಚಿದ್ದಾನೆ, ಈ ಯೋಚನೆ ಜನ್ನನದಲ್ಲ, ಕೊರೆದವನದು. ಅದು ಅಚ್ಚುಕಟ್ಟುತನ ಮಾತ್ರ, ಒಳ್ಳೆಯ ಬಡಗಿಯೂ ಅಷ್ಟನ್ನು ಮಾಡುತ್ತಾನೆ ಎಂದು ಮೇಷ್ಟ್ರು. ಹಾಗಾದರೆ ಆ ಬಡಗಿಯನ್ನೂ ಸೇರಿಸಿಕೊಳ್ಳೋಣ ಎಂದು ನಾನು. ಅವರು ಚೀಲದಿಂದ ಕಾಗದ ತೆಗೆದು ಆ ‘ಳ’ಕಾರವನ್ನು ಬರೆದುಕೊಂಡರು, ಆದರೆ ಒಪ್ಪಲಿಲ್ಲ, ತರೀಕೆರೆಗೆ ಬಂದು ಬಸ್ಸು ಹತ್ತಿ, ಬೀರೂರು ದಾಟುವವರೆಗೂ ಇದೇ ಮಾತು ನಡೆದಿತ್ತು.